ಪಟ್ಟಣದ ಟಂಕಸಾಲೆಯ ಹೈದರಿ

ಬೆಂಗಳೂರು ಕಡೆಯಿಂದ ಬರುವವರಿಗೆ ಬಾಬುರಾಯನಕೊಪ್ಪಲು ದಾಟಿದರೆ ಕಾವೇರಿ, ಅದರಾಚೆ ಕೋಟೆ. ಆ ಕೋಟೆಯೊಳಗಿನ ಟಂಕಸಾಲೆಯಿಂದ ಹೊರಟ ನಾಣ್ಯಗಳ ಮೇಲೆ ಶ್ರೀರಂಗಪಟ್ಟಣ ‘ಪಟನ್’ ಆಗಿ ಕೂತಿದೆ. ಟಿಪ್ಪು ಸುಲ್ತಾನನ ಕಾಲದ ಆ ಬೆಳ್ಳಿ ನಾಣ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ‘ಹೈದರಿ’, ಅಂದರೆ ಎರಡು ರೂಪಾಯಿ. ನಾಣ್ಯ ಕೂಡಿಡುವವರು ವರ್ಷಗಟ್ಟಲೆ ಕಾದರೂ ಒಳ್ಳೆಯ ಹೈದರಿ ಕೈಗೆ ಬರುವುದು ಕಷ್ಟ.

ಅದಕ್ಕೆ ಮೊದಲು ಮೈಸೂರು ಸೀಮೆಯಲ್ಲಿ ಚಲಾವಣೆಯಲ್ಲಿದ್ದದ್ದು ಚಿನ್ನ ಮತ್ತು ತಾಮ್ರ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯಿ ಹಣ ಬೆರಳುಗುರಿನ ಮೇಲೆ ಕೂರುವಷ್ಟು ಚಿಕ್ಕ ಚಿನ್ನ. ಬಿದನೂರು ಗೆದ್ದ ಹೈದರಲಿಯ ಬಹದ್ದೂರಿ ಹೊನ್ನೂ ಚಿನ್ನವೇ. ಒಂದು ಮುಖದಲ್ಲಿ ಶಿವ ಪಾರ್ವತಿಯರು, ಇನ್ನೊಂದರಲ್ಲಿ ಅವನ ಹೆಸರಿನ ಮೊದಲಕ್ಷರ. 1782ರ ಕೊನೆಗೆ ಅಧಿಕಾರಕ್ಕೆ ಬಂದ ಮಗ ಟಿಪ್ಪು ಬೆಳ್ಳಿಯಲ್ಲೇ ಒಂದು ಪೂರ್ತಿ ಸರಣಿ ತಂದ. ಹೈದರಿಯ ಕೆಳಗೆ ಒಂದು ರೂಪಾಯಿಯ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲು ರೂಪಾಯಿಗೆ ಬಾಕಿರಿ, ಹೀಗೆ ರೂಪಾಯಿಯ ಮೂವತ್ತೆರಡನೇ ಪಾಲಿನವರೆಗೆ. ತಾಮ್ರದ ಕಾಸುಗಳಿಗೆ ಗ್ರಹ ನಕ್ಷತ್ರಗಳ ಹೆಸರು: ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ.

ಹೈದರಿಯನ್ನು ಅಂಗೈಮೇಲಿಟ್ಟು ನೋಡಬೇಕು. ತೂಕ ಸುಮಾರು 23 ಗ್ರಾಂ, ಮುಂದೆ ಬಂದ ಬ್ರಿಟಿಷರ ಬೆಳ್ಳಿ ರೂಪಾಯಿಯ ಎರಡರಷ್ಟು. ಚಿತ್ರವಿಲ್ಲ, ಎರಡೂ ಮುಖದ ತುಂಬ ಪಾರ್ಸಿ ಅಕ್ಷರ. ಹೈದರನ ಹೆಸರು ಅದರಲ್ಲಿದೆ, ಟಿಪ್ಪುವಿನ ಹೆಸರಿಲ್ಲ. ಅದಕ್ಕಿಂತ ದೊಡ್ಡ ವಿಷಯ, ದೆಹಲಿಯ ಬಾದಶಹನ ಹೆಸರೂ ಇಲ್ಲ. ಆ ದಿನಗಳಲ್ಲಿ ಕಂಪನಿ ಸರ್ಕಾರ ಕೂಡ ತನ್ನ ರೂಪಾಯಿಯ ಮೇಲೆ ಬಾದಶಹ ಷಾ ಆಲಂನ ಹೆಸರು ಹಾಕಿಕೊಂಡೇ ವ್ಯವಹಾರ ನಡೆಸುತ್ತಿತ್ತು. ಪಟ್ಟಣದ ಟಂಕಸಾಲೆ ಆ ಹಂಗನ್ನು ಹರಿದುಕೊಂಡಿತು. ಬೆಲೆಗಿಂತ ಹೆಚ್ಚಾಗಿ ಈ ಕಾರಣಕ್ಕೇ ಹೈದರಿ ನನಗೆ ದೊಡ್ಡದು.

ಇಸವಿಯಲ್ಲೂ ಹೊಸತನವಿದೆ. ಮೊದಲ ಹೈದರಿಗಳ ಮೇಲೆ ಹಿಜರಿ 1198 ಎಂದಿದೆ. 1787ರಿಂದ ಟಿಪ್ಪು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಗೆ ಬದಲಾಯಿಸಿ, ಅಂಕಿಗಳನ್ನೂ ಪಾರ್ಸಿ ಅಕ್ಷರದಂತೆ ಬಲದಿಂದ ಎಡಕ್ಕೆ ಬರೆಸಿದ. 1216 ಎಂಬ ವರ್ಷ ನಮ್ಮ ಕಣ್ಣಿಗೆ 6121 ಆಗಿ ಕಾಣುತ್ತದೆ. ಇದು ಗೊತ್ತಿಲ್ಲದೆ ಮಾಡಿದ ಖೋಟಾ ನಾಣ್ಯ ಇಲ್ಲೇ ಸಿಕ್ಕಿಬೀಳುತ್ತದೆ.

ಇಂಥ ನಾಣ್ಯ ಅಪರೂಪವಾದದ್ದರಲ್ಲಿ ಆಶ್ಚರ್ಯವಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಕೊಡಬೇಕಾಗಿ ಬಂದದ್ದು 3 ಕೋಟಿ 30 ಲಕ್ಷ ರೂಪಾಯಿ, ಅರ್ಧ ಆಗಿಂದಾಗಲೇ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಖಜಾನೆಯನ್ನು ಗೆದ್ದ ಸೈನ್ಯ ಹಂಚಿಕೊಂಡಿತು. ಉಳಿದದ್ದರಲ್ಲಿ ದೊಡ್ಡ ನಾಣ್ಯವೇ ಮೊದಲು ಅಕ್ಕಸಾಲಿಗರ ಮೂಸೆಗೆ ಬಿದ್ದಿರಬೇಕು. ಒಂದು ಕರಗಿಸಿದರೆ ಎರಡು ರೂಪಾಯಿಯ ಬೆಳ್ಳಿ. ಕೊರಳಿಗೆ ಕಟ್ಟಿಕೊಂಡವರಿಂದ ಕೆಲವು ಬದುಕಿದವು. ಅಂಥವುಗಳ ಅಂಚಿನಲ್ಲಿ ಕೊಂಡಿ ಕಿತ್ತ ಬೆಸುಗೆಯ ಗುರುತಿರುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಶರಾಫರು ಬೆಳ್ಳಿ ಪರೀಕ್ಷಿಸಲು ಒತ್ತಿದ ಗುರುತಿಗೂ ಅದೇ ಗತಿ. ನನಗೆ ಮಾತ್ರ ಆ ಗುರುತುಗಳ ಮೇಲೆ ಬೇಸರವಿಲ್ಲ. ನಾಣ್ಯ ಕೈಯಿಂದ ಕೈಗೆ ಓಡಾಡಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಬೇಸರವಾಗುವುದು ಹುಣಸೆಹಣ್ಣು ಹಚ್ಚಿ ಉಜ್ಜಿ ಫಳಫಳ ಮಾಡಿದ ನಾಣ್ಯ ಕಂಡಾಗ. ಇನ್ನೂರು ವರ್ಷದ ಕಪ್ಪಿನ ಜೊತೆ ಅಕ್ಷರದ ಮೊನೆಯೂ ಸವೆದುಹೋಗಿರುತ್ತದೆ.

ಕೊಳ್ಳುವವರು ಮೊದಲು ತಕ್ಕಡಿಗೆ ಹಾಕಲಿ, ಆಮೇಲೆ ಅಂಚು ನೋಡಲಿ. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಕೂಡುಗೆರೆಯೋ, ಮೈಮೇಲೆ ಗಾಳಿಗುಳ್ಳೆಯ ಚುಕ್ಕೆಗಳೋ ಇರುತ್ತವೆ. ಅಕ್ಷರ ಹೋಲಿಸಲು ಹೆಂಡರ್ಸನ್ 1921ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಹೈದರ್–ಟಿಪ್ಪು ನಾಣ್ಯಗಳ ಪುಸ್ತಕ ಇಂದಿಗೂ ಆಧಾರ. ಕರ್ನಾಟಕದ ನಾಣ್ಯಗಳ ಪೂರ್ತಿ ಚರಿತ್ರೆ ಬೇಕೆಂದರೆ ಮೈಸೂರಿನ ಎ. ವಿ. ನರಸಿಂಹಮೂರ್ತಿಯವರ ಗ್ರಂಥವಿದೆ.

ಗದ್ದೆ ಅಗೆಯುವಾಗಲೋ ಪಾಯ ತೋಡುವಾಗಲೋ ಇಂಥ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ. ಕರ್ನಾಟಕದಲ್ಲಿ 1962ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ಅಜ್ಜಿಯ ಕಾಲದಿಂದ ಉಳಿದ ಹೈದರಿ ಇದ್ದರೆ ತೊಳೆಯದೆ, ಹತ್ತಿಬಟ್ಟೆಯಲ್ಲಿ ಸುತ್ತಿ, ಯಾವ ಊರಿನ ಯಾರ ಮನೆಯಿಂದ ಬಂತೆಂದು ಒಂದು ಚೀಟಿ ಬರೆದು ಜೊತೆಗಿಡಿ. ಅಂಗಡಿಯವರು ಆ ಚೀಟಿ ಕೇಳುವುದಿಲ್ಲ. ಈ ಸೀಮೆಯ ಹಣದ ಕಥೆ ಬರೆಯಲು ಹೊರಟವರು ಮೊದಲು ಕೇಳುವುದೇ ಅದನ್ನು.