ದಾಖಲೆ ಸವಾರನದೋ, ಕಾರ್ಖಾನೆಯದೋ?

ಮೋಟೊಕ್ರಾಸ್ ಪಂದ್ಯಕ್ಕೆ ನುಣುಪಾದ ಟಾರು ರಸ್ತೆ ಬೇಡ. ಮಣ್ಣು, ಮರಳು, ಕೆಸರು, ಏರು, ಇಳಿಜಾರು ಇದ್ದರೆ ಸಾಕು. ಗೇಟು ಬಿದ್ದೊಡನೆ 40ರವರೆಗೆ ಬೈಕುಗಳು ಒಂದೇ ಸಾಲಿನಿಂದ ನುಗ್ಗುತ್ತವೆ. ಮೊದಲ ತಿರುವಿನಲ್ಲಿ ಮುಂದಿದ್ದವನಿಗೆ ದಾರಿ ಕಾಣುತ್ತದೆ. ಹಿಂದೆ ಬಿದ್ದವನ ಕಣ್ಣಿಗೆ ಮಣ್ಣೇ ಗತಿ.

ಈ ಕ್ರೀಡೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಅಂಕಿಗಳನ್ನು ಸವಾರರೂ ಕಂಪೆನಿಗಳೂ ಬಹುಕಾಲ ಬೆನ್ನಟ್ಟಿದ್ದಾರೆ. ಒಂದು 10, ಇನ್ನೊಂದು 101. ಬೆಲ್ಜಿಯಂನ ಸ್ಟೆಫಾನ್ ಎವರ್ಟ್ಸ್ ಗೆದ್ದ ವಿಶ್ವ ಪ್ರಶಸ್ತಿಗಳು ಹತ್ತು. ಗೆದ್ದ ಗ್ರ್ಯಾನ್ ಪ್ರಿಗಳು ನೂರೊಂದು. 2006ರಲ್ಲಿ ಅವರು ನಿವೃತ್ತರಾದಾಗ ಇವೆರಡನ್ನೂ ಯಾರೂ ಮುಟ್ಟಲಾರರು ಎಂದೇ ತೋರುತ್ತಿತ್ತು. ಮೊದಲನೆಯದು ಇಂದಿಗೂ ಅಳಿದಿಲ್ಲ. ಎರಡನೆಯದು 2023ರಲ್ಲಿ ಮುರಿಯಿತು. ಮುರಿದವರು ಯಾರು? ಎವರ್ಟ್ಸ್ ಅವರೇ ಕೆಲವು ವರ್ಷ ಮುನ್ನಡೆಸಿದ ಕಾರ್ಖಾನೆ ತಂಡದಲ್ಲಿ ಬೆಳೆದ ಸವಾರ!

ಇಂಥ ದಾಖಲೆಯಲ್ಲಿ ಮನುಷ್ಯನ ಪಾಲೆಷ್ಟು, ಯಂತ್ರದ ಪಾಲೆಷ್ಟು? ಈ ಪ್ರಶ್ನೆ ಮೋಟೊಕ್ರಾಸ್‌ನಷ್ಟೇ ಹಳೆಯದು.

ಲೆಕ್ಕದ ರೀತಿ

ದಾಖಲೆಯ ಮಾತಿಗೆ ಮೊದಲು ಲೆಕ್ಕ ತಿಳಿಯಬೇಕು. ಈಗಿನ ಪದ್ಧತಿಯಲ್ಲಿ ಒಂದು ಗ್ರ್ಯಾನ್ ಪ್ರಿಯಲ್ಲಿ ಪ್ರತಿ ವರ್ಗಕ್ಕೆ ಎರಡು ಮುಖ್ಯ ಓಟಗಳು. ಒಂದೊಂದೂ 30 ನಿಮಿಷ ಮತ್ತು ಅದರ ಮೇಲೆ ಎರಡು ಸುತ್ತು. ಮೊದಲ ಸ್ಥಾನಕ್ಕೆ 25 ಪಾಯಿಂಟ್, ಎರಡನೆಯದಕ್ಕೆ 22, ಮೂರನೆಯದಕ್ಕೆ 20, ಹೀಗೆ ಇಳಿಯುತ್ತಾ 20ನೇ ಸ್ಥಾನಕ್ಕೆ ಒಂದು. ಎರಡೂ ಓಟಗಳ ಮೊತ್ತ ಯಾರದು ಹೆಚ್ಚೋ ಆ ದಿನದ ಗ್ರ್ಯಾನ್ ಪ್ರಿ ಅವರದು. ಇಡೀ ಋತುವಿನ ಮೊತ್ತ ಯಾರದು ಹೆಚ್ಚೋ ಅವರು ವಿಶ್ವ ಚಾಂಪಿಯನ್.

ಆದ್ದರಿಂದ ವೇಗವೊಂದೇ ಸಾಲದು. ಋತುವಿನ ನಡುವೆ ಒಂದು ಮೂಳೆ ಮುರಿದರೆ ಅದುವರೆಗಿನ ಗೆಲುವುಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗ್ರ್ಯಾನ್ ಪ್ರಿ ಗೆಲುವಿನ ಎಣಿಕೆ ಸವಾರನ ವೇಗವನ್ನು ಹೇಳಿದರೆ, ಪ್ರಶಸ್ತಿಗಳ ಎಣಿಕೆ ಅವನ ತಾಳಿಕೆಯನ್ನೂ ಬೈಕಿನ ತಾಳಿಕೆಯನ್ನೂ ಹೇಳುತ್ತದೆ.

ಇಂಗ್ಲೆಂಡಿನ ಗುಡ್ಡದಿಂದ

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಸರ್ರೆ ಪ್ರಾಂತ್ಯದ ಕ್ಯಾಂಬರ್ಲಿ ಬಳಿಯ ಗುಡ್ಡಗಾಡಿನಲ್ಲಿ ನಡೆದ ‘ಸ್ಕ್ರಾಂಬಲ್’ ಓಟವನ್ನು ಇದರ ಆರಂಭವೆಂದು ಹೇಳುತ್ತಾರೆ. ‘ಮೋಟೊಕ್ರಾಸ್’ ಎಂಬ ಹೆಸರು ಬಂದದ್ದು ಯೂರೋಪಿನಿಂದ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಫೆಡರೇಷನ್ 1952ರಲ್ಲಿ 500 ಸಿ.ಸಿ. ಬೈಕುಗಳಿಗೆ ಯೂರೋಪ್ ಚಾಂಪಿಯನ್‌ಷಿಪ್ ಆರಂಭಿಸಿತು. 1957ರಲ್ಲಿ ಅದು ವಿಶ್ವ ಚಾಂಪಿಯನ್‌ಷಿಪ್ ಆಯಿತು. 1962ರಲ್ಲಿ 250 ಸಿ.ಸಿ. ಬೈಕುಗಳಿಗೂ ವಿಶ್ವ ಪ್ರಶಸ್ತಿ ಬಂತು.

ಆಗಿನ ದೊಡ್ಡ ಬೈಕುಗಳು ಭಾರದ ಫೋರ್ ಸ್ಟ್ರೋಕ್ ಯಂತ್ರಗಳು. ಬ್ರಿಟನ್ನಿನ ಬಿಎಸ್‌ಎ ಕಾರ್ಖಾನೆಯ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ 500 ಸಿ.ಸಿ. ವಿಶ್ವ ಚಾಂಪಿಯನ್ ಆದರು. ಅಷ್ಟರಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಕಾಲ ಬಂದಿತ್ತು. ಅದರಲ್ಲಿ ಬಿಡಿಭಾಗಗಳು ಕಡಿಮೆ, ತೂಕವೂ ಕಡಿಮೆ. ಚೆಕೊಸ್ಲೊವಾಕಿಯಾದ ಸಿಜಡ್ ಕಾರ್ಖಾನೆ ಇಂಥ ಬೈಕುಗಳಿಗೆ ಹೆಸರಾಯಿತು. ಜಾವಾದ ಜೊತೆಗಾರ ಸಂಸ್ಥೆಯಿದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಬೈಕಿನ ಸದ್ದನ್ನು ಕೇಳಿದವರಿಗೆ ಈ ಟೂ ಸ್ಟ್ರೋಕ್ ಮನೆತನದ ಪರಿಚಯ ಇದ್ದೇ ಇದೆ.

ಬಿಎಸ್‌ಎ ಸುಮ್ಮನೆ ಕೂರಲಿಲ್ಲ. ತೂಕ ಇಳಿಸಲು 1966ರಲ್ಲಿ ದುಬಾರಿ ಟೈಟಾನಿಯಂ ಲೋಹದಿಂದ ಚೌಕಟ್ಟು ಮಾಡಿಸಿತು. ಅದು ಬಿರುಕು ಬಿಟ್ಟರೆ ಪಂದ್ಯದ ಜಾಗದಲ್ಲಿ ಬೆಸುಗೆ ಹಾಕುವುದೇ ಕಷ್ಟ. ಪ್ರಯೋಗ ವಿಫಲವಾಯಿತು. ಆ ವರ್ಷ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ ಸಿಜಡ್ ಬೈಕಿನಲ್ಲಿ ಪ್ರಶಸ್ತಿ ಗೆದ್ದು, ಮುಂದಿನ ಎರಡು ವರ್ಷವೂ ಬಿಟ್ಟುಕೊಡಲಿಲ್ಲ. ಏಳೆಂಟು ವರ್ಷಗಳಲ್ಲಿ ಬಿಎಸ್‌ಎ ಕಂಪೆನಿಯೇ ಕುಸಿಯಿತು. ಅದಕ್ಕೆ ಕಾರಣಗಳು ಹಲವು. ಆದರೆ ಹಳೆಯ ಯಂತ್ರವನ್ನು ನಂಬಿ ಕೂತವರಿಗೆ ಮಾರುಕಟ್ಟೆಯಲ್ಲಿ ಏನು ಕಾದಿದೆ ಎಂಬುದನ್ನು ಮೋಟೊಕ್ರಾಸ್ ಕಣ ಮೊದಲೇ ತೋರಿಸಿತ್ತು.

ಜಪಾನ್ ಕಲಿತ ಪಾಠ

‘ಭಾನುವಾರ ಗೆದ್ದದ್ದು ಸೋಮವಾರ ಮಾರಾಟವಾಗುತ್ತದೆ’ ಎಂಬುದು ವಾಹನ ಉದ್ಯಮದ ಹಳೆಯ ಮಾತು. ಇದನ್ನು ಜಪಾನಿನ ಕಂಪೆನಿಗಳು ಚೆನ್ನಾಗಿ ಅರಿತಿದ್ದವು. ಸುಜುಕಿ 1960ರ ದಶಕದಲ್ಲಿ ತನ್ನ ಬೈಕನ್ನೂ ತನ್ನ ದೇಶದ ಸವಾರರನ್ನೂ ಯೂರೋಪಿಗೆ ಕಳಿಸಿ ಸೋತಿತು. ಆ ಸೋಲಿನಿಂದ ಅದು ಕಲಿತ ಪಾಠ ಸರಳ: ಮಣ್ಣಿನ ಗುಣ ತಿಳಿದವನು ಹೇಳದೆ ಬೈಕು ಸರಿಯಾಗುವುದಿಲ್ಲ. ಸ್ವೀಡನ್ನಿನ ಅನುಭವಿ ಸವಾರ ಓಲೆ ಪೆಟರ್ಸನ್ ಅವರನ್ನು 1968ರಲ್ಲಿ ಕರೆಸಿಕೊಂಡು, ಅವರು ಹೇಳಿದಂತೆ ಬೈಕನ್ನು ತಿದ್ದಿತು.

ಬೈಕು ಸಿದ್ಧವಾದ ಮೇಲೆ ಗೆಲ್ಲುವವನನ್ನು ಹುಡುಕಿತು. ಬೆಲ್ಜಿಯಂನ ಜೋಯೆಲ್ ರೊಬೆರ್ ಆಗ ಸಿಜಡ್ ಬೈಕಿನಲ್ಲಿ 1964, 1968 ಮತ್ತು 1969ರ 250 ಸಿ.ಸಿ. ಪ್ರಶಸ್ತಿ ಗೆದ್ದಿದ್ದರು. ಮೊದಲ ಸಲ ಗೆದ್ದಾಗ ಅವರಿಗೆ ವಯಸ್ಸು 20. ಸಿಗರೇಟು ಬಿಡದ, ವ್ಯಾಯಾಮ ಮಾಡದ, ಆದರೂ ಗೆಲ್ಲುವ ಹುಟ್ಟು ಪ್ರತಿಭೆ ಎಂದು ಅವರು ಪ್ರಸಿದ್ಧರು. ಸುಜುಕಿ ಸೇರಿದ ರೊಬೆರ್ 1970, 1971 ಮತ್ತು 1972ರಲ್ಲಿ ಸತತ ಮೂರು ಪ್ರಶಸ್ತಿ ತಂದರು. 1970ರದು ಜಪಾನಿನ ಕಂಪೆನಿಯೊಂದಕ್ಕೆ ದೊರೆತ ಮೊಟ್ಟಮೊದಲ ಮೋಟೊಕ್ರಾಸ್ ವಿಶ್ವ ಪ್ರಶಸ್ತಿ. ಅವರದೇ ನಾಡಿನ ರೋಜರ್ ಡಿ ಕೋಸ್ಟರ್ ಅದೇ ಸುಜುಕಿಯಲ್ಲಿ 500 ಸಿ.ಸಿ. ಪ್ರಶಸ್ತಿಯನ್ನು 1971ರಿಂದ 1976ರೊಳಗೆ ಐದು ಸಲ ಗೆದ್ದರು.

ಸುಜುಕಿಯ ವಿಶೇಷ ಬೈಕುಗಳು ಎಷ್ಟು ಹಗುರವಾಗಿದ್ದವೆಂದರೆ ಬೇರೆಯವರಿಗೆ ಪೈಪೋಟಿ ನೀಡುವುದೇ ಕಷ್ಟವಾಯಿತು. ಕೊನೆಗೆ ಫೆಡರೇಷನ್ ಕನಿಷ್ಠ ತೂಕದ ನಿಯಮ ತಂದಿತು. ಯಮಾಹಾ ಬೇರೆ ದಾರಿ ಹಿಡಿಯಿತು. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕನ್ಸ್ ರೂಪಿಸಿದ, ಹಿಂಬದಿಗೆ ಒಂದೇ ಷಾಕ್ ಅಬ್ಸಾರ್ಬರ್ ಇರುವ ವಿನ್ಯಾಸವನ್ನು ಕೊಂಡುಕೊಂಡಿತು. ಆ ಬೈಕಿನಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ 1973ರಲ್ಲಿ 250 ಸಿ.ಸಿ. ವಿಶ್ವ ಚಾಂಪಿಯನ್ ಆದರು. ಇಂದು ಪೇಟೆಯಲ್ಲಿ ಓಡಾಡುವ ಎಷ್ಟೋ ಬೈಕುಗಳಲ್ಲಿ ಕಾಣುವ ‘ಮೊನೊಷಾಕ್’ ಹೆಸರುವಾಸಿಯಾದದ್ದು ಹೀಗೆ, ಮಣ್ಣಿನ ಕಣದಲ್ಲಿ.

ನಾಲ್ಕು ಕಂಪೆನಿ, ಒಬ್ಬ ಸವಾರ

ರೊಬೆರ್ ಅವರ ಆರು ಪ್ರಶಸ್ತಿ, 50 ಗ್ರ್ಯಾನ್ ಪ್ರಿ ಗೆಲುವುಗಳ ದಾಖಲೆ ಮೂರು ದಶಕ ಉಳಿಯಿತು. ಅದನ್ನು ದಾಟಿದವರು ಸ್ಟೆಫಾನ್ ಎವರ್ಟ್ಸ್. ಅವರ ತಂದೆ ಹ್ಯಾರಿ ಎವರ್ಟ್ಸ್ ಸ್ವತಃ ನಾಲ್ಕು ಬಾರಿ ವಿಶ್ವ ಚಾಂಪಿಯನ್. ರೊಬೆರ್ ಅವರಿಗೂ ಸ್ಟೆಫಾನ್ ಅವರಿಗೂ ಅಜಗಜಾಂತರ. ಈತ ಶಿಸ್ತಿನ ಸಿಪಾಯಿ.

ಎವರ್ಟ್ಸ್ ಅವರ ಮೊದಲ ಪ್ರಶಸ್ತಿ 1991ರಲ್ಲಿ, ಸುಜುಕಿಯ 125 ಸಿ.ಸಿ. ಬೈಕಿನಲ್ಲಿ. 1995ರಲ್ಲಿ ಕವಾಸಾಕಿ, 1996 ಮತ್ತು 1997ರಲ್ಲಿ ಹೋಂಡಾ. ಆಮೇಲೆ ಗಾಯಗಳಿಂದ 1999 ಮತ್ತು 2000 ಹೆಚ್ಚುಕಡಿಮೆ ವ್ಯರ್ಥವಾದವು. ಅವರ ಕಾಲ ಮುಗಿಯಿತೆಂದು ಹೇಳುವವರೂ ಇದ್ದರು. ಆದರೆ ಯಮಾಹಾ ತಂಡ ಸೇರಿ 2001ರಿಂದ 2006ರವರೆಗೆ ಸತತ ಆರು ಪ್ರಶಸ್ತಿ ಗೆದ್ದರು. 2003ರಲ್ಲಿ ಫ್ರಾನ್ಸಿನ ಎರ್ನೆಯಲ್ಲಿ ಒಂದೇ ದಿನ ಮೂರು ಬೇರೆ ಬೇರೆ ವರ್ಗಗಳಲ್ಲಿ ಸ್ಪರ್ಧಿಸಿ ಮೂರನ್ನೂ ಗೆದ್ದರು. ಕೊನೆಯ ಋತುವಿನಲ್ಲಿ 15 ಗ್ರ್ಯಾನ್ ಪ್ರಿಗಳ ಪೈಕಿ 14 ಅವರ ಪಾಲಾದವು.

ನಾಲ್ಕು ಕಂಪೆನಿಗಳ ಬೈಕು, ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್ ಎರಡೂ ಎಂಜಿನ್, ಆದರೂ ಗೆಲುವು ಅವರದೇ. ಹಾಗಾದರೆ ಯಂತ್ರ ನೆಪಮಾತ್ರವೇ?

ಅಮೆರಿಕದ ಕಣದಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿವೆ. ಅಲ್ಲಿ ಕ್ರೀಡಾಂಗಣಗಳಿಗೆ ಮಣ್ಣು ಸುರಿದು ನಡೆಸುವ ‘ಸೂಪರ್‌ಕ್ರಾಸ್’ ಬಲು ಜನಪ್ರಿಯ. ಅದರ ಮುಖ್ಯ ವರ್ಗದಲ್ಲಿ ಏಳು ಪ್ರಶಸ್ತಿ ಗೆದ್ದ ಜೆರೆಮಿ ಮೆಕ್‌ಗ್ರಾತ್ 1993ರಿಂದ 1996ರವರೆಗೆ ಹೋಂಡಾದಲ್ಲಿ ಸೋಲೇ ಕಾಣದವರಂತೆ ಇದ್ದರು. 1997ರಲ್ಲಿ ಸುಜುಕಿಗೆ ಹೋದರು, ಪ್ರಶಸ್ತಿ ಕೈತಪ್ಪಿತು. 1998ರಲ್ಲಿ ಯಮಾಹಾ ಸೇರಿದರು, ಮತ್ತೆ ಸತತ ಮೂರು ವರ್ಷ ಗೆದ್ದರು. ಸವಾರ ಅವರೇ, ಬದಲಾದದ್ದು ಬೈಕು.

ಇದಕ್ಕೆ ತದ್ವಿರುದ್ಧ ರಿಕಿ ಕಾರ್ಮೈಕೇಲ್ ಅವರ ಉದಾಹರಣೆ. ಅಮೆರಿಕದ ಹೊರಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಅವರು 2002ರ ಋತುವಿನ 24 ಓಟಗಳಲ್ಲಿ 24ನ್ನೂ ಗೆದ್ದರು. ಅದು ಟೂ ಸ್ಟ್ರೋಕ್ ಹೋಂಡಾ. 2004ರಲ್ಲಿ ಫೋರ್ ಸ್ಟ್ರೋಕ್ ಹೋಂಡಾ ಏರಿ ಮತ್ತೆ 24ಕ್ಕೆ 24 ಗೆದ್ದರು. 2008ರಲ್ಲಿ ಕವಾಸಾಕಿಯ ಜೇಮ್ಸ್ ಸ್ಟುವರ್ಟ್ ಇದೇ ಸಾಧನೆ ಮಾಡಿದರು. 2023ರಲ್ಲಿ ಹೋಂಡಾದ ಆಸ್ಟ್ರೇಲಿಯನ್ ತರುಣ ಜೆಟ್ ಲಾರೆನ್ಸ್ 22 ಓಟಗಳಲ್ಲಿ 22ನ್ನೂ ಗೆದ್ದರು. ಅಂದರೆ ಕೆಟ್ಟ ಬೈಕು ಒಳ್ಳೆಯ ಸವಾರನನ್ನು ಸೋಲಿಸಬಲ್ಲದು; ಒಳ್ಳೆಯ ಬೈಕು ತಾನಾಗಿ ಯಾರನ್ನೂ ಗೆಲ್ಲಿಸಲಾರದು.

ಗುರುವಿನ ದಾಖಲೆಗೆ ಶಿಷ್ಯರ ಗುರಿ

ನಿವೃತ್ತಿಯ ನಂತರ ಎವರ್ಟ್ಸ್ ಆಸ್ಟ್ರಿಯಾದ ಕೆಟಿಎಂ ಕಂಪೆನಿಯ ಮೋಟೊಕ್ರಾಸ್ ತಂಡದ ಮುಖ್ಯಸ್ಥರಾದರು. ದೊಡ್ಡ ವರ್ಗದಲ್ಲಿ ಎಲ್ಲರೂ 450 ಸಿ.ಸಿ. ಫೋರ್ ಸ್ಟ್ರೋಕ್ ಬೈಕು ಓಡಿಸುತ್ತಿದ್ದಾಗ ಕೆಟಿಎಂ 350 ಸಿ.ಸಿ. ಬೈಕೊಂದನ್ನು ತಯಾರಿಸಿತು. ಶಕ್ತಿ ಸ್ವಲ್ಪ ಕಡಿಮೆ, ಆದರೆ ಹಗುರ. ತಿರುವಿನಲ್ಲಿ ಸವಾರ ಹೇಳಿದಂತೆ ಕೇಳುತ್ತದೆ, ತೋಳು ಬೇಗ ಸೋಲುವುದಿಲ್ಲ. ಈ ಬೈಕಿನ ಹಿಂದೆ ಎವರ್ಟ್ಸ್ ಅವರ ಅನುಭವವಿತ್ತು. 2010ರಲ್ಲಿ ಅದನ್ನೇರಿದ ಇಟಲಿಯ ಸಿಸಿಲಿ ದ್ವೀಪದ ಆಂಟೋನಿಯೊ ಕೈರೋಲಿ ಮೊದಲ ವರ್ಷವೇ ವಿಶ್ವ ಚಾಂಪಿಯನ್ ಆಗಿ, 2014ರವರೆಗೆ ಸತತ ಐದು ಸಲ ಗೆದ್ದರು. ಯಮಾಹಾದಲ್ಲಿ ಗೆದ್ದಿದ್ದ ಮೂರು ಸೇರಿ ಎಂಟಾದವು. 2017ರಲ್ಲಿ ಒಂಬತ್ತನೆಯದೂ ಬಂತು.

ಹತ್ತಕ್ಕೆ ಇನ್ನೊಂದೇ ಬಾಕಿ! ಆದರೆ 2018ರಲ್ಲಿ ಕೈರೋಲಿ ಎರಡನೆಯವರಾದರು. 2019ರಲ್ಲಿ ಭುಜದ ಗಾಯ. 2021ರ ಋತು ಮುಗಿದ ಮೇಲೆ ಒಂಬತ್ತಕ್ಕೇ ತೃಪ್ತಿಪಟ್ಟು ಗ್ರ್ಯಾನ್ ಪ್ರಿ ಕಣದಿಂದ ನಿವೃತ್ತರಾದರು.

2018ರಲ್ಲಿ ಅವರನ್ನು ಹಿಂದೆ ಹಾಕಿದವರು ಕೆಟಿಎಂನವರೇ ಆದ ನೆದರ್ಲೆಂಡ್ಸ್‌ನ ಜೆಫ್ರಿ ಹರ್ಲಿಂಗ್ಸ್. ಆ ಒಂದು ಋತುವಿನಲ್ಲಿ ಹರ್ಲಿಂಗ್ಸ್ 17 ಗ್ರ್ಯಾನ್ ಪ್ರಿ ಗೆದ್ದರು. 2023ರ ಮೇ ತಿಂಗಳಲ್ಲಿ ಸ್ಪೇನಿನಲ್ಲಿ ತಮ್ಮ 102ನೇ ಗೆಲುವು ಪಡೆದು ಎವರ್ಟ್ಸ್ ಅವರ 101ನ್ನು ದಾಟಿದರು. ಇಷ್ಟು ಗೆದ್ದವರ ಬಳಿ ಇರುವ ವಿಶ್ವ ಪ್ರಶಸ್ತಿಗಳು ಎಷ್ಟು? ಐದು, ಎವರ್ಟ್ಸ್ ಅವರದರಲ್ಲಿ ಅರ್ಧ.

ಕಾರಣ ಆಸ್ಪತ್ರೆಯ ದಾಖಲೆಗಳಲ್ಲಿದೆ. 2014ರಲ್ಲಿ ಪ್ರಶಸ್ತಿ ಕೈಗೆಟುಕುವಂತಿದ್ದಾಗ ತೊಡೆಮೂಳೆ ಮುರಿಯಿತು. ಕೆಲವೇ ಪಾಯಿಂಟ್‌ಗಳಲ್ಲಿ ಪ್ರಶಸ್ತಿ ತಪ್ಪಿತು. 2020ರಲ್ಲಿ ಪಾಯಿಂಟ್ ಪಟ್ಟಿಯಲ್ಲಿ ಮುಂದಿದ್ದಾಗ ಕುತ್ತಿಗೆಗೆ ಪೆಟ್ಟಾಯಿತು. 2022ರ ಋತು ಹಿಮ್ಮಡಿಯ ಮೂಳೆ ಮುರಿದು ಪೂರ್ತಿ ಹೋಯಿತು. ಮೋಟೊಕ್ರಾಸ್ ದಾಖಲೆಯ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಬೈಕು ಕೆಟ್ಟರೆ ಕಂಪೆನಿ ಮರುವಾರ ಇನ್ನೊಂದನ್ನು ಕಳಿಸುತ್ತದೆ. ಮುರಿದ ಮೂಳೆ ಮಾತ್ರ ತನ್ನದೇ ಕಾಲಕ್ಕೆ ಕೂಡಿಕೊಳ್ಳಬೇಕು.

ಕಾರ್ಖಾನೆಗಳ ಆಯಸ್ಸು

ಹಾಗೆಂದು ಕಾರ್ಖಾನೆಗಳೇನೂ ಚಿರಂಜೀವಿಗಳಲ್ಲ. ರೊಬೆರ್ ಅವರಿಂದ ಜಗತ್ತಿಗೆ ಪರಿಚಯವಾದ ಸುಜುಕಿ, ವಿಶ್ವ ಮೋಟೊಕ್ರಾಸ್‌ನಲ್ಲಿ ತನ್ನ ಕಾರ್ಖಾನೆ ತಂಡವನ್ನು 2017ರ ಋತುವಿನ ಕೊನೆಗೆ ಮುಚ್ಚಿತು. ಆಗ ಆ ತಂಡದ ಮುಖ್ಯಸ್ಥರಾಗಿದ್ದವರು ಕೆಟಿಎಂ ಬಿಟ್ಟು ಬಂದಿದ್ದ ಎವರ್ಟ್ಸ್. ತಾವು ಮೊದಲ ಪ್ರಶಸ್ತಿ ಗೆದ್ದ ಕಂಪೆನಿಯ ಬಾಗಿಲು ಮುಚ್ಚುವಾಗ ಒಳಗೆ ಅವರೇ ಇರಬೇಕಾಯಿತು.

ಕೆಟಿಎಂ ಕಥೆ ಇನ್ನೂ ಹತ್ತಿರದ್ದು. ಮಾರಾಟವಾಗದ ಬೈಕುಗಳ ರಾಶಿ ಮತ್ತು ಸಾಲದ ಹೊರೆಯಿಂದ ಈ ಕಂಪೆನಿ 2024ರ ನವೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗಾಗಿ ಕೋರ್ಟಿನ ಮೊರೆಹೋಯಿತು. ಬರಬೇಕಾದ ಹಣದಲ್ಲಿ ಶೇಕಡ 30ನ್ನು ಮಾತ್ರ ಪಡೆಯಲು 2025ರ ಫೆಬ್ರುವರಿಯಲ್ಲಿ ಸಾಲ ಕೊಟ್ಟವರು ಒಪ್ಪಿಕೊಂಡರು. ಅದಕ್ಕೆ ಹಣ ಒದಗಿಸಿದ್ದು ಪುಣೆಯ ಬಜಾಜ್ ಆಟೊ. 2007ರಿಂದಲೇ ಕೆಟಿಎಂನಲ್ಲಿ ಪಾಲು ಹೊಂದಿದ್ದ ಬಜಾಜ್, 2025ರಲ್ಲಿ ಅದರ ಹಿಡಿತವನ್ನೇ ತನ್ನದಾಗಿಸಿಕೊಂಡಿತು. ಜೆಫ್ ಸ್ಮಿತ್ ಗೆದ್ದ ಬಿಎಸ್‌ಎ ಹೆಸರನ್ನು 2016ರಲ್ಲಿ ಕೊಂಡದ್ದೂ ಭಾರತದ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಯೇ. ಭಾರತದ ಸವಾರರಿಗೆ ಮೋಟೊಕ್ರಾಸ್ ವಿಶ್ವ ಪ್ರಶಸ್ತಿ ಇನ್ನೂ ದೂರದ ಮಾತು. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೊಕ್ರಾಸ್‌ನಲ್ಲಿ ಪಳಗಿ, 2015ರಲ್ಲಿ ಕೆಟಿಎಂ ಬೈಕಿನಲ್ಲೇ ಡಕಾರ್ ರ್‍ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯರಾದದ್ದು ಆ ದಾರಿಯ ಒಂದು ಮೈಲಿಗಲ್ಲು.

ದಾಖಲೆ ಹುಟ್ಟುವುದು ಸವಾರ ಮತ್ತು ಕಾರ್ಖಾನೆ ಕೂಡಿದಾಗ. ಅದು ಹುಟ್ಟಿದ ಮೇಲೆ ಕಾರ್ಖಾನೆ ಮಾರಾಟವಾಗಬಹುದು, ಹೆಸರು ಕೈ ಬದಲಾಯಿಸಬಹುದು, ತಂಡ ಮುಚ್ಚಬಹುದು. ದಾಖಲೆ ಮಾತ್ರ ಸವಾರನ ಹೆಸರಿನಲ್ಲೇ ಉಳಿಯುತ್ತದೆ. ರೊಬೆರ್ 2021ರ ಜನವರಿಯಲ್ಲಿ ತೀರಿಕೊಂಡರು. ಸಿಜಡ್ ಬೈಕುಗಳ ತಯಾರಿಕೆ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಇತ್ತ 2023ರಲ್ಲಿ ಸ್ಟೆಫಾನ್ ಅವರ ಮಗ ಲಿಯಾಮ್ ಎವರ್ಟ್ಸ್ ಗ್ರ್ಯಾನ್ ಪ್ರಿ ಗೆದ್ದರು. ಅಜ್ಜ, ಅಪ್ಪ, ಮೊಮ್ಮಗ ಮೂವರೂ ವಿಜೇತರು. ಲಿಯಾಮ್ ಗೆದ್ದದ್ದು ಕೆಟಿಎಂ ಬೈಕಿನಲ್ಲಿ. ಮನೆಯಲ್ಲೇ ಇರುವ ಹತ್ತರ ದಾಖಲೆಯನ್ನು ಮುಟ್ಟಲು ಹೊಸ ತಲೆಮಾರು ಇನ್ನೆಷ್ಟು ಬಾರಿ ಬಿದ್ದೇಳಬೇಕೋ!