ಮನೆಯ ಪ್ರಿಂಟರಿಗೆ ಯಾವ ತಂತ್ರಾಂಶ ಲೇಸು?

ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. ಮರದಿಂದ ತಿರುಳು ತೆಗೆದು ಕೃತಕ ಎಳೆಗೆ ಹದಗೊಳಿಸುವ ಕಾರ್ಖಾನೆ 1972ರಲ್ಲಿ ಇಲ್ಲಿ ಆರಂಭವಾದಂದಿನಿಂದ, ಉದ್ಯೋಗವನ್ನರಸಿ ಬಂದ ಎಷ್ಟೋ ಕುಟುಂಬಗಳು ಈ ಊರಿನಲ್ಲಿ ನೆಲೆನಿಂತಿವೆ. ಹುಟ್ಟೂರಿನ ಹಿರಿಯರ ಮುಖದರ್ಶನ ಅವರಿಗೆ ಇಂದು ಮೊಬೈಲಿನಲ್ಲಿ.

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ತೀರಿಕೊಂಡಿದ್ದಾರೆ. ತಂದೆತಾಯಿ ಜೊತೆಯಾಗಿ ಕುಳಿತ ಅಡ್ಡಚಿತ್ರ ಇರುವುದು ಒಂದೇ. ಅದನ್ನು ತಾಯಿಯ ಕೈಗಿಡಬೇಕೆಂದು ಮಗನ ಹಂಬಲ. ಮನೆಯ ಪ್ರಿಂಟರಿಗೆ ಹೊಳಪಿನ ಕಾಗದವಿಟ್ಟು ಗುಂಡಿ ಒತ್ತುತ್ತಾನೆ. ಚಿತ್ರವೇನೋ ಬಂತು, ಅಪ್ಪನ ರುಮಾಲಿನ ಮೇಲ್ತುದಿ ಮಾತ್ರ ಇಲ್ಲ!

ದೋಷ ಪ್ರಿಂಟರಿನದಲ್ಲ. ಮೊಬೈಲಿನ ಚಿತ್ರ ಸಾಮಾನ್ಯವಾಗಿ 4:3ರ ಪ್ರಮಾಣದ್ದು. ಕಾಗದ 6 ಅಂಗುಲಕ್ಕೆ 4. ಅಗಲವನ್ನು ಪೂರ್ತಿ ತುಂಬಿಸಿದರೆ ಎತ್ತರ ನಾಲ್ಕೂವರೆ ಅಂಗುಲವಾಗುತ್ತದೆ. ಮೇಲೆ ಕಾಲು, ಕೆಳಗೆ ಕಾಲು ಅಂಗುಲ ಕತ್ತರಿಗೆ ಬಲಿ. ಆದುದರಿಂದ, ಎಲ್ಲಿ ಕತ್ತರಿಸಬೇಕೆಂಬುದನ್ನು ನಮ್ಮ ಕೈಗೇ ಬಿಡುವ ತಂತ್ರಾಂಶವೇ ಒಳ್ಳೆಯ ತಂತ್ರಾಂಶ.

ಆಯ್ಕೆಗಳು ಮುಖ್ಯವಾಗಿ ಮೂರು. ಕಂಪ್ಯೂಟರಿನೊಡನೆಯೇ ಬರುವುದು ಅವಸರದ ಕೆಲಸಕ್ಕೆ ಸಾಕು. ಕ್ಯಾನನ್, ಎಪ್ಸನ್ ಮೊದಲಾದ ತಯಾರಕರು ಒದಗಿಸುವ ತಂತ್ರಾಂಶಕ್ಕೆ ತಮ್ಮ ಪ್ರಿಂಟರಿನ ಶಾಯಿ, ಕಾಗದಗಳ ಗುಣ ಗೊತ್ತು. ಸಾಮಾನ್ಯ ಗೃಹಸ್ಥರಿಗೆ ಇದೇ ಲೇಸು. ಹಳೆಯ ಚಿತ್ರದ ಕಲೆ, ಗೀರುಗಳನ್ನು ತಿದ್ದಬೇಕಾದವರಿಗೆ 1996ರಲ್ಲಿ ಹೊರಬಂದ, ಇಂದಿಗೂ ಉಚಿತವಾಗಿರುವ ‘ಗಿಂಪ್’ ಇದೆ. ಚಂದಾ ತೆತ್ತು ಬಳಸುವ ‘ಫೋಟೋಶಾಪ್’ ವೃತ್ತಿಯವರಿಗೆ ತಕ್ಕದ್ದು.

ಯಾವುದನ್ನು ಆರಿಸಿಕೊಂಡರೂ ಮೂರು ಎಚ್ಚರಿಕೆಗಳು ಅವಶ್ಯ. ಕಾಗದ ಸಾದಾ ಎಂಬುದೋ ಹೊಳಪಿನದೋ ಎಂಬುದನ್ನು ಸರಿಯಾಗಿ ನಮೂದಿಸಬೇಕು. ಬಣ್ಣ ತಿದ್ದುವ ಹೊಣೆಯನ್ನು ತಂತ್ರಾಂಶಕ್ಕೆ ಇಲ್ಲವೇ ಪ್ರಿಂಟರಿಗೆ, ಯಾವುದಾದರೂ ಒಂದಕ್ಕೇ ವಹಿಸಬೇಕು. ಎರಡೂ ತಿದ್ದತೊಡಗಿದರೆ ಮೈಬಣ್ಣವೇ ಕೆಡುತ್ತದೆ. ಮೂರನೆಯದು, ಅಂಗುಲಕ್ಕೆ 300 ಚುಕ್ಕೆಗಳ ಸ್ಫುಟತೆ ಬೇಕಾದರೆ ಈ ಅಳತೆಗೆ 1800ಕ್ಕೆ 1200 ಚುಕ್ಕೆಗಳಿರಬೇಕು. ವಾಟ್ಸಾಪಿನಲ್ಲಿ ಬಂದ ಚಿತ್ರ ಕುಗ್ಗಿರುವುದುಂಟು; ಮೂಲಪ್ರತಿಯನ್ನೇ ತರಿಸಿಕೊಳ್ಳುವುದು ಮೇಲು.

ಮಗ ಎರಡನೆಯ ಬಾರಿ ‘ಪೂರ್ತಿ ಚಿತ್ರ’ ಎಂಬ ಆಯ್ಕೆಯನ್ನು ಒತ್ತುತ್ತಾನೆ. ಎರಡು ಬದಿಗೂ ಬಿಳಿಯ ಪಟ್ಟಿ ಉಳಿಯಿತು, ನಿಜ. ಆದರೆ ತಾಯಿಯ ಕಣ್ಣು ಆ ಪಟ್ಟಿಯ ಮೇಲೆ ಹೋಗುವುದಿಲ್ಲ. ರುಮಾಲಿನ ಮೇಲೆ ಹೋಗಿ ನಿಲ್ಲುತ್ತದೆ.