ಸರಕಿನ ಚಿತ್ರಕ್ಕೆ ಯಾವ ಕ್ಯಾಮೆರಾ? ಕ್ಯಾನನ್ ಎ620 ಮತ್ತು ಫ್ಯೂಜಿಫಿಲ್ಮ್ ಎಫ್30: ಒಂದು ತುಲನೆ

ಸರಕಿನ ಮಾದರಿಯನ್ನು ಪೊಟ್ಟಣ ಕಟ್ಟಿ ಕಳುಹಿಸಿ, ಗಿರಾಕಿಯ ಒಪ್ಪಿಗೆಗಾಗಿ ಕಾಯುವುದು ಮಂಗಳೂರಿನ ವ್ಯಾಪಾರದಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಗೇರುಬೀಜ, ಅಡಿಕೆ, ಹಂಚು, ಹಾಳೆ ತಟ್ಟೆ ಮುಂತಾದ ಸರಕುಗಳಲ್ಲಿ ಮಾದರಿಯ ಸ್ಥಾನವನ್ನು ಛಾಯಾಚಿತ್ರ ಪೂರ್ತಿಯಾಗಿ ತುಂಬಲಾರದು. ಆದರೆ ಮಾದರಿಯನ್ನು ತರಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ದೂರದ ಗಿರಾಕಿಯು ಇಂದು ಬಹುಮಟ್ಟಿಗೆ ಚಿತ್ರವನ್ನು ನೋಡಿಯೇ ನಿರ್ಧರಿಸುತ್ತಾನೆ. ಆದ್ದರಿಂದ ಸರಕಿನ ಚಿತ್ರವು ಅಲಂಕಾರದ ವಸ್ತುವಲ್ಲ. ಅದು ವ್ಯವಹಾರದ ಮೊದಲ ದಾಖಲೆ.

2000ದ ದಶಕದಲ್ಲಿ ಕೊಂಡ ಚಿಕ್ಕ ಡಿಜಿಟಲ್ ಕ್ಯಾಮೆರಾಗಳು ಅನೇಕ ಕಚೇರಿಗಳ ಮೇಜಿನ ಖಾನೆಯಲ್ಲಿ ಇಂದಿಗೂ ಇವೆ. ಕಳೆದ ಕೆಲವು ವರ್ಷಗಳಲ್ಲಿ ಇಂತಹ ಕ್ಯಾಮೆರಾಗಳಿಗೆ ಯುವಜನರಿಂದ ಮತ್ತೆ ಬೇಡಿಕೆ ಬಂದಿದ್ದು, ಹಳೆಯ ವಸ್ತುಗಳ ಮಾರಾಟದಲ್ಲಿ ಅವು ಪುನಃ ಕಾಣಿಸಿಕೊಂಡಿವೆ. ಸಣ್ಣ ಉದ್ದಿಮೆಗೆ ಇವುಗಳಿಂದ ಪ್ರಯೋಜನ ಉಂಟೇ, ಉಂಟಾದರೆ ಯಾವ ಬಗೆಯ ಕ್ಯಾಮೆರಾದಿಂದ ಎಂಬುದನ್ನು ಎರಡು ಪ್ರಸಿದ್ಧ ಮಾದರಿಗಳ ತುಲನೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಮಾದರಿಗಳ ಪರಿಚಯ

ಕ್ಯಾನನ್ ಪವರ್‌ಶಾಟ್ ಎ620 ಮಾದರಿಯು 2005ರಲ್ಲಿಯೂ, ಫ್ಯೂಜಿಫಿಲ್ಮ್ ಫೈನ್‌ಪಿಕ್ಸ್ ಎಫ್30 ಮಾದರಿಯು 2006ರಲ್ಲಿಯೂ ಬಿಡುಗಡೆಗೊಂಡವು. ಎರಡರಲ್ಲಿಯೂ ಬೆಳಕನ್ನು ಗ್ರಹಿಸುವ ಭಾಗ ಸಿಸಿಡಿ ಸಂವೇದಕ. ಎರಡರ ಸಂವೇದಕಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಆದರೆ ಅವುಗಳನ್ನು ರೂಪಿಸಿದವರ ದೃಷ್ಟಿ ಬೇರೆ ಬೇರೆ.

ಕ್ಯಾನನ್ ಎ620ರ ಮುಖ್ಯ ಲಕ್ಷಣಗಳು: 7.1 ಮೆಗಾಪಿಕ್ಸೆಲ್, 4 ಪಟ್ಟು ಜೂಮ್, ಹೊರಕ್ಕೆ ತೆರೆದು ಬೇಕಾದ ಕಡೆಗೆ ತಿರುಗಿಸಬಹುದಾದ 2 ಅಂಗುಲದ ಪರದೆ, ಕಣ್ಣಿಟ್ಟು ನೋಡುವ ಕಿಂಡಿ, ಐಎಸ್ಒ 50ರಿಂದ 400ರವರೆಗೆ, ಸಾಮಾನ್ಯ ಎಎ ಗಾತ್ರದ 4 ಸೆಲ್‌ಗಳು, ಎಸ್‌ಡಿ ಕಾರ್ಡು.

ಫ್ಯೂಜಿಫಿಲ್ಮ್ ಎಫ್30ರ ಮುಖ್ಯ ಲಕ್ಷಣಗಳು: 6.3 ಮೆಗಾಪಿಕ್ಸೆಲ್, 3 ಪಟ್ಟು ಜೂಮ್, ಸ್ಥಿರವಾದ 2.5 ಅಂಗುಲದ ಪರದೆ, ಐಎಸ್ಒ 100ರಿಂದ 3200ರವರೆಗೆ, ಕಂಪನಿಯದೇ ಆದ ಎನ್‌ಪಿ-95 ಬ್ಯಾಟರಿ, ಎಕ್ಸ್‌ಡಿ ಕಾರ್ಡು.

ಐಎಸ್ಒ ಎಂದರೆ ಸಂವೇದಕವು ಬೆಳಕಿಗೆ ಎಷ್ಟು ಸ್ಪಂದಿಸುವಂತೆ ಹೊಂದಿಸಲಾಗಿದೆ ಎಂಬುದರ ಅಳತೆ. ಈ ಸಂಖ್ಯೆ ಏರಿದಂತೆ ಕಡಿಮೆ ಬೆಳಕಿನಲ್ಲಿಯೂ ಚಿತ್ರ ದೊರೆಯುತ್ತದೆ. ಜೊತೆಗೆ ಚಿತ್ರದಲ್ಲಿ ಮರಳು ಚೆಲ್ಲಿದಂತಹ ಕಣಗಳೂ ಹೆಚ್ಚುತ್ತವೆ.

ಮೆಗಾಪಿಕ್ಸೆಲ್‌ನ ಲೆಕ್ಕ

ಕ್ಯಾಮೆರಾ ಕೊಳ್ಳುವವರು ಮೊದಲು ವಿಚಾರಿಸುವುದು ಮೆಗಾಪಿಕ್ಸೆಲ್. ಆದರೆ ಈ ಎರಡು ಮಾದರಿಗಳ ಮಟ್ಟಿಗೆ ಅದು ನಿರ್ಣಾಯಕ ಅಂಶವಲ್ಲ. ಎ620ರ ಅತಿದೊಡ್ಡ ಚಿತ್ರದ ಅಳತೆ 3072×2304 ಪಿಕ್ಸೆಲ್; ಎಫ್30ರದು 2848×2136. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ ಮೊದಲನೆಯದರಿಂದ ಸುಮಾರು 10.2×7.7 ಅಂಗುಲದ ಚಿತ್ರವೂ ಎರಡನೆಯದರಿಂದ ಸುಮಾರು 9.5×7.1 ಅಂಗುಲದ ಚಿತ್ರವೂ ದೊರೆಯುತ್ತವೆ. ಕ್ಯಾಟಲಾಗಿನ ಅರ್ಧ ಪುಟಕ್ಕೆ ಎರಡೂ ಧಾರಾಳವಾಗಿ ಸಾಲುತ್ತವೆ. ಎ4 ಅಳತೆಯ ಪೂರ್ಣ ಪುಟಕ್ಕೆ ಅಂಗುಲಕ್ಕೆ 250 ಬಿಂದುಗಳಂತೆ ಎ620ರ ಚಿತ್ರ ಸಾಕಾಗುತ್ತದೆ. ಎಫ್30ರ ಚಿತ್ರ ಉದ್ದದಲ್ಲಿ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಅಂತರಜಾಲದ ಮಾರುಕಟ್ಟೆಗೆ ಒಂದು ಬದಿಯಲ್ಲಿ 1,000ದಿಂದ 2,000 ಪಿಕ್ಸೆಲ್ ಇದ್ದರೆ ಸಾಮಾನ್ಯವಾಗಿ ಸಾಕು. ಹೀಗಿರುವಾಗ ಕೇವಲ ಮೆಗಾಪಿಕ್ಸೆಲ್ ನೋಡಿ ಒಂದನ್ನು ಆರಿಸಿ ಇನ್ನೊಂದನ್ನು ತಳ್ಳುವುದು ಸಮಂಜಸವಲ್ಲ.

ಬಣ್ಣವೇ ಬೆಲೆಯಾಗುವ ಸರಕು

ಗೇರುಬೀಜದ ತಿರುಳನ್ನು ಗಾತ್ರ ಮತ್ತು ಬಣ್ಣ ಎರಡರಿಂದಲೂ ವಿಂಗಡಿಸಲಾಗುತ್ತದೆ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 300ರಿಂದ 320 ಇಡೀ ಬಿಳಿ ತಿರುಳುಗಳು. ಡಬ್ಲ್ಯು 240ಕ್ಕೆ ಈ ಸಂಖ್ಯೆ 220ರಿಂದ 240. ಸಂಸ್ಕರಣೆಯ ವೇಳೆ ಹೆಚ್ಚು ಕಾವು ತಗುಲಿ ಕಂದಿದ ಇಡೀ ತಿರುಳನ್ನು ಎಸ್‌ಡಬ್ಲ್ಯು ಎಂದು ಬೇರ್ಪಡಿಸುತ್ತಾರೆ. ತಿನ್ನಲು ಅದೂ ಯೋಗ್ಯವೇ. ಆದರೆ ಬೆಲೆ ಬಿಳಿ ತಿರುಳಿಗಿಂತ ಕಡಿಮೆ.

ಈಗ ಇದೇ ಡಬ್ಲ್ಯು 320 ತಿರುಳನ್ನು ಹಳದಿ ಬಲ್ಬಿನ ಕೆಳಗೆ ಹರಡಿ ಚಿತ್ರ ತೆಗೆದರೆ ಏನಾಗುತ್ತದೆ? ಅಂತಹ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್; ಮಧ್ಯಾಹ್ನದ ಬೆಳಕು ಸುಮಾರು 5,500 ಕೆಲ್ವಿನ್. ಮನುಷ್ಯನ ಕಣ್ಣು ಈ ವ್ಯತ್ಯಾಸಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಅಂದಾಜು ಮಾಡಬೇಕಾಗುತ್ತದೆ. ಅಂದಾಜು ತಪ್ಪಿದರೆ ಬಿಳಿ ತಿರುಳು ಕಂದಿದ ತಿರುಳಿನಂತೆ ಮೂಡುತ್ತದೆ. ಕೆಳದರ್ಜೆಯ ಸರಕು ಕಳುಹಿಸುತ್ತಿದ್ದಾರೆಂದು ಗಿರಾಕಿಯು ಶಂಕಿಸಿ ಬೆಲೆ ಇಳಿಸಲು ಒತ್ತಾಯಿಸಿದರೆ ಆಶ್ಚರ್ಯವಿಲ್ಲ. ಇದಕ್ಕೆ ವ್ಯತಿರಿಕ್ತವಾದುದೂ ಅಪಾಯಕರ: ನೀಲಿ ಛಾಯೆಯ ಬೆಳಕಿನಲ್ಲಿ ಕಂದಿದ ತಿರುಳು ಬಿಳಿಯಾಗಿ ಕಂಡು, ಸರಕು ತಲುಪಿದ ಮೇಲೆ ತಕರಾರಿಗೆ ದಾರಿಯಾಗುತ್ತದೆ. ಚಾಲಿ ಅಡಿಕೆಯ ಹೊಳಪು, ಹಂಚಿನ ಕೆಂಪು ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡು ಕ್ಯಾಮೆರಾಗಳಲ್ಲಿಯೂ ಇದಕ್ಕೆ ಪರಿಹಾರವಿದೆ. ಸರಕು ಇಡುವ ಜಾಗದಲ್ಲಿಯೇ, ಅದೇ ಬೆಳಕಿನಲ್ಲಿ, ಒಂದು ಬಿಳಿ ಹಾಳೆಯನ್ನಿಟ್ಟು ಪರದೆ ತುಂಬುವಂತೆ ತೋರಿಸಿ, ವೈಟ್ ಬ್ಯಾಲೆನ್ಸ್ ಎಂಬ ವ್ಯವಸ್ಥೆಯ ಮೂಲಕ ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ಕಲಿಸಬಹುದು. ಬೆಳಕು ಬದಲಾದಾಗಲೆಲ್ಲ ಇದನ್ನು ಪುನಃ ಮಾಡಬೇಕು. ಕಿಟಕಿಯ ಬೆಳಕು ಮತ್ತು ಟ್ಯೂಬ್‌ಲೈಟ್ ಬೆರೆತರೆ ಯಾವ ಕ್ಯಾಮೆರಾವೂ ಸರಿಯಾದ ಬಣ್ಣ ಕೊಡಲಾರದು. ಆದ್ದರಿಂದ ಒಂದೇ ಬಗೆಯ ಬೆಳಕನ್ನು ಉಳಿಸಿಕೊಳ್ಳುವುದು ಅವಶ್ಯಕ. ಎ620ರಲ್ಲಿ ಬೆಳಕಿನ ಪ್ರಮಾಣವನ್ನೂ ಪೂರ್ತಿಯಾಗಿ ಕೈಯಿಂದಲೇ ನಿಗದಿಗೊಳಿಸಬಹುದಾದ್ದರಿಂದ, ಇಪ್ಪತ್ತು ಸರಕುಗಳ ಇಪ್ಪತ್ತು ಚಿತ್ರಗಳೂ ಒಂದೇ ಸಮನಾಗಿ ಬರುತ್ತವೆ. ಕ್ಯಾಟಲಾಗಿಗೆ ಇದು ಬಹು ಮುಖ್ಯ.

ಮೇಜಿನ ಮೇಲಿನ ಕೆಲಸ

ಸಣ್ಣ ವಸ್ತುವನ್ನು ಸಮೀಪದಿಂದ ತೆಗೆಯುವಾಗ ಎ620 ಸುಮಾರು 1 ಸೆಂಟಿಮೀಟರ್ ವರೆಗೆ ಹತ್ತಿರ ಹೋಗಬಲ್ಲದು; ಎಫ್30ಕ್ಕೆ ಸುಮಾರು 5 ಸೆಂಟಿಮೀಟರ್ ಅಂತರ ಬೇಕು. ಆದರೆ ಅಷ್ಟು ಸಮೀಪಕ್ಕೆ ಹೋದರೆ ಕ್ಯಾಮೆರಾದ ನೆರಳೇ ಸರಕಿನ ಮೇಲೆ ಬೀಳುತ್ತದೆ, ಆಕಾರವೂ ಉಬ್ಬಿದಂತೆ ಕಾಣುತ್ತದೆ. ಸ್ವಲ್ಪ ಹಿಂದೆ ಸರಿದು ಜೂಮ್ ಬಳಸುವುದೇ ಉತ್ತಮ ಕ್ರಮ. ಮೇಜಿನ ಮೇಲಿನಿಂದ ನೇರವಾಗಿ ಕೆಳಕ್ಕೆ ನೋಡುತ್ತ ಚಿತ್ರ ತೆಗೆಯುವಾಗ ಎ620ರ ತಿರುಗುವ ಪರದೆ ಬಹಳ ಅನುಕೂಲ. ಎಫ್30ರಲ್ಲಿ ಕೆಲಸಗಾರನು ಸ್ಟೂಲ್ ಹತ್ತಿ ಬಗ್ಗಿ ನೋಡಬೇಕಾದೀತು.

ಹಂಚು, ಮರದ ಕೆತ್ತನೆ, ಹಾಳೆ ತಟ್ಟೆಯಂತಹ ವಸ್ತುಗಳಿಗೆ ಕ್ಯಾಮೆರಾದ ಫ್ಲಾಶ್ ಬಳಸಬಾರದು. ಎದುರಿನಿಂದ ಬಿದ್ದ ಬೆಳಕು ಮೇಲ್ಮೈಯ ಏರಿಳಿತಗಳನ್ನು ಅಳಿಸಿಬಿಡುತ್ತದೆ. ಮಂಗಳೂರು ಹಂಚಿನ ಮೇಲೆ ಒತ್ತಿದ ತಯಾರಕರ ಮುದ್ರೆ, ತಟ್ಟೆಯ ನಾರಿನ ಗೆರೆಗಳು ಸ್ಪಷ್ಟವಾಗಿ ಕಾಣಬೇಕಾದರೆ ಬೆಳಕು ಪಕ್ಕದಿಂದ, ತಗ್ಗಾದ ಕೋನದಲ್ಲಿ ಬರಬೇಕು. ಎದುರು ಬದಿಯಲ್ಲಿ ಒಂದು ಬಿಳಿ ರಟ್ಟು ನಿಲ್ಲಿಸಿದರೆ ನೆರಳಿನ ಗಡಸುತನ ಕಡಿಮೆಯಾಗುತ್ತದೆ. ಈ ಎರಡು ಮಾದರಿಗಳಲ್ಲಿ ಕೈಯ ನಡುಕವನ್ನು ಲೆನ್ಸಿನಲ್ಲಿಯೇ ಸರಿದೂಗಿಸುವ ವ್ಯವಸ್ಥೆ ಇಲ್ಲವಾದ್ದರಿಂದ ಟ್ರೈಪಾಡ್ ಅನಿವಾರ್ಯ.

ಉಗ್ರಾಣ ಮತ್ತು ಹಡಗುಕಟ್ಟೆ

ಮೇಜಿನಿಂದ ಎದ್ದು ಉಗ್ರಾಣಕ್ಕೆ ಹೋದರೆ ಸ್ಥಿತಿ ಬದಲಾಗುತ್ತದೆ. ಬಂದರು ಪ್ರದೇಶದ ಹಳೆಯ ಗೋದಾಮುಗಳಲ್ಲಿಯಾಗಲಿ ಬೈಕಂಪಾಡಿಯ ಕಾರ್ಖಾನೆಗಳಲ್ಲಿಯಾಗಲಿ ಮಳೆಗಾಲದ ಸಂಜೆಯ ಬೆಳಕು ಬಹಳ ಮಂದ. ಟ್ರೈಪಾಡ್ ನಿಲ್ಲಿಸಲು ಅವಕಾಶವಿರುವುದಿಲ್ಲ. ಐಎಸ್ಒ 400ರಲ್ಲಿ ಸೆಕೆಂಡಿನ 15ನೇ ಒಂದು ಭಾಗದಷ್ಟು ಕಾಲ ಬೆಳಕು ಬೇಕಾದಲ್ಲಿ, ಐಎಸ್ಒ 1600ರಲ್ಲಿ 60ನೇ ಒಂದು ಭಾಗ ಸಾಕು. ಮೊದಲನೆಯದು ಕೈ ನಡುಗಿ ಮಸುಕಾಗುವ ಸಂಭವ ಹೆಚ್ಚು, ಎರಡನೆಯದು ನಿಲ್ಲುತ್ತದೆ. ಎ620 400ಕ್ಕೇ ನಿಂತುಬಿಡುತ್ತದೆ. ಎಫ್30 ತನ್ನ ಕಾಲದ ಚಿಕ್ಕ ಕ್ಯಾಮೆರಾಗಳಲ್ಲಿ ಹೆಸರು ಗಳಿಸಿದ್ದೇ ಮಂದ ಬೆಳಕಿನ ಚಿತ್ರಗಳಿಂದ.

ಕಂಟೇನರಿಗೆ ಸರಕು ತುಂಬುವಾಗ ಚೀಲಗಳ ಸ್ಥಿತಿ, ಕಂಟೇನರಿನ ಒಳಗೋಡೆ, ಮುಚ್ಚಿದ ಬಳಿಕ ಸೀಲಿನ ಸಂಖ್ಯೆ ಇವುಗಳ ಚಿತ್ರ ಇರಿಸಿಕೊಳ್ಳುವ ರಫ್ತುದಾರರಿಗೆ ಇದರ ಬೆಲೆ ತಿಳಿದಿದೆ. ಸರಕು ಒದ್ದೆಯಾಗಿ ತಲುಪಿತೆಂಬ ದೂರು ಬಂದಾಗ, ವಿಮೆಯ ಸರ್ವೇಯರರ ಮುಂದೆ ಇಡಲು ಸ್ಪಷ್ಟವಾದ ಚಿತ್ರಕ್ಕಿಂತ ಉತ್ತಮ ಆಧಾರ ಅಪರೂಪ. ಇದಕ್ಕಾಗಿ ಕ್ಯಾಮೆರಾದ ದಿನಾಂಕ ಮತ್ತು ಸಮಯ ಸರಿಯಾಗಿರಬೇಕು. ಬಹುಕಾಲ ಬಳಸದ ಕ್ಯಾಮೆರಾದಲ್ಲಿ ಅವು ಅಳಿಸಿಹೋಗಿರುತ್ತವೆ. ಮೂಲ ಕಡತವನ್ನು ತಿದ್ದದೆ ಹಾಗೆಯೇ ಉಳಿಸಬೇಕು. ವಿವಾದವು ನ್ಯಾಯಾಲಯ ತಲುಪಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಕಾರ್ಡು ಮತ್ತು ಬ್ಯಾಟರಿ: ಮರೆಯಲಾಗದ ಖರ್ಚು

ಇಲ್ಲಿಯವರೆಗಿನ ತುಲನೆ ಹೊಸದಾಗಿದ್ದ ಕಾಲಕ್ಕೂ ಅನ್ವಯಿಸುವಂಥದು. ಇಂದು ಕೊಳ್ಳುವವರಿಗೆ ಅಥವಾ ಖಾನೆಯಿಂದ ಹೊರತೆಗೆಯುವವರಿಗೆ ಇನ್ನೊಂದು ಪ್ರಶ್ನೆ ಇದೆ: ಅದಕ್ಕೆ ಬೇಕಾದ ಬಿಡಿ ಸಾಮಗ್ರಿ ದೊರೆಯುತ್ತದೆಯೇ?

ಎಕ್ಸ್‌ಡಿ ಕಾರ್ಡನ್ನು ಫ್ಯೂಜಿಫಿಲ್ಮ್ ಮತ್ತು ಒಲಿಂಪಸ್ ಕಂಪನಿಗಳು 2002ರಲ್ಲಿ ತಂದವು. ಮುಂದೆ ಆ ಎರಡೂ ಕಂಪನಿಗಳು ಎಸ್‌ಡಿ ಕಾರ್ಡಿಗೆ ತಿರುಗಿದುದರಿಂದ ಎಕ್ಸ್‌ಡಿ ಕಾಲವಾಯಿತು. ಈಗ ಹಳೆಯ ದಾಸ್ತಾನು ಅಥವಾ ಬಳಸಿದ ಕಾರ್ಡನ್ನೇ ಹುಡುಕಬೇಕು. ಎಫ್30ರೊಳಗೆ ಸುಮಾರು 10 ಎಂ.ಬಿ. ಸ್ಮೃತಿ ಇದ್ದರೂ ಪೂರ್ಣ ಗಾತ್ರದ ಬೆರಳೆಣಿಕೆಯ ಚಿತ್ರಗಳಷ್ಟೇ ಹಿಡಿಯುತ್ತವೆ. ಕಾರ್ಡು ಇಲ್ಲದ ಎಫ್30 ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ಜಾಣತನವಲ್ಲ. ಆದರೆ ಬ್ಯಾಟರಿಯ ವಿಷಯದಲ್ಲಿ ಅದರ ಅದೃಷ್ಟ ಚೆನ್ನಾಗಿದೆ. ಅದೇ ಎನ್‌ಪಿ-95 ಬ್ಯಾಟರಿಯನ್ನು ಕಂಪನಿಯು 2011ರ ಎಕ್ಸ್100 ಮುಂತಾದ ನಂತರದ ಮಾದರಿಗಳಲ್ಲಿಯೂ ಬಳಸಿದ್ದರಿಂದ ಅದನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಒಮ್ಮೆ ಚಾರ್ಜು ಮಾಡಿದರೆ 580 ಚಿತ್ರಗಳೆಂದು ಕಂಪನಿಯ ಅಳತೆ ಇತ್ತು. ಹಳೆಯ ಬ್ಯಾಟರಿಯಿಂದ ಅದನ್ನು ನಿರೀಕ್ಷಿಸಬಾರದು.

ಎ620ಕ್ಕೆ ಬೇಕಾದ ಎಎ ಸೆಲ್ ಬೀದಿ ಬದಿಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಸಾಮಾನ್ಯ ಸೆಲ್‌ಗಿಂತ ಮರುಚಾರ್ಜು ಮಾಡಬಲ್ಲ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ದೀರ್ಘಾವಧಿಯಲ್ಲಿ ಲಾಭಕರ. ಕಾರ್ಡಿನಲ್ಲಿ ಮಾತ್ರ ಒಂದು ತೊಡಕಿದೆ. ಈ ಮಾದರಿ 2 ಜಿ.ಬಿ.ವರೆಗಿನ ಮೂಲ ಎಸ್‌ಡಿ ಕಾರ್ಡನ್ನಷ್ಟೇ ಗುರುತಿಸುತ್ತದೆ. ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ 32 ಅಥವಾ 64 ಜಿ.ಬಿ. ಕಾರ್ಡು ಅದೇ ಆಕಾರದ್ದಾದರೂ ಇದರಲ್ಲಿ ಕೆಲಸ ಮಾಡದು. ಕ್ಯಾಮೆರಾ ಕೆಟ್ಟಿದೆಯೆಂದು ಬದಿಗಿಡುವ ಮುನ್ನ ಕಾರ್ಡನ್ನು ಪರೀಕ್ಷಿಸುವುದು ಲೇಸು. 2 ಜಿ.ಬಿ. ಕಾರ್ಡಿನಲ್ಲಿ ನೂರಾರು ಪೂರ್ಣ ಗಾತ್ರದ ಚಿತ್ರಗಳು ಹಿಡಿಯುತ್ತವೆ.

ಕರಾವಳಿಯ ಹವೆ

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕ್ಯಾಮೆರಾದ ದೊಡ್ಡ ಶತ್ರು ತೇವಾಂಶ. 2002ರಿಂದ 2004ರ ನಡುವೆ ತಯಾರಾದ ಕೆಲವು ಸಿಸಿಡಿ ಸಂವೇದಕಗಳು ಬಿಸಿ ಮತ್ತು ತೇವದ ವಾತಾವರಣದಲ್ಲಿ ಕೆಡುತ್ತವೆಂದು 2005ರಲ್ಲಿ ಬೆಳಕಿಗೆ ಬಂದು, ಹಲವು ಕಂಪನಿಗಳು ಉಚಿತ ದುರಸ್ತಿ ಘೋಷಿಸಿದ್ದವು. ಇಲ್ಲಿ ತುಲನೆ ಮಾಡಿದ ಮಾದರಿಗಳು ಆ ಅವಧಿಯ ನಂತರ ಬಂದವುಗಳಾದರೂ, ಲೆನ್ಸಿನೊಳಗೆ ಬೂಷ್ಟು ಹಿಡಿಯುವ ಭಯ ಎಲ್ಲಕ್ಕೂ ಇದೆ. ಹಳೆಯ ಕ್ಯಾಮೆರಾ ಕೊಳ್ಳುವಾಗ ಲೆನ್ಸಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ಜೇಡರ ಬಲೆಯಂತಹ ಎಳೆಗಳಿವೆಯೇ ನೋಡಬೇಕು. ಬಿಳಿ ಗೋಡೆಯ ಚಿತ್ರ ತೆಗೆದು ಕಲೆಗಳನ್ನು ಹುಡುಕಬೇಕು. ಸೆಲ್ ಕೂರುವ ಜಾಗದಲ್ಲಿ ತುಕ್ಕು ಅಥವಾ ಬಿಳಿ ಪುಡಿ ಇದೆಯೇ ಪರೀಕ್ಷಿಸಬೇಕು. ಬಳಸದಿರುವಾಗ ಸೆಲ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇರಿಸಬೇಕು. ಚರ್ಮದ ಚೀಲದಲ್ಲಿ ಇಡುವುದು ಬೂಷ್ಟಿಗೆ ಆಹ್ವಾನವಿತ್ತಂತೆ.

ಮೊಬೈಲ್ ಇರುವಾಗ ಇದೇಕೆ?

ಇದು ನ್ಯಾಯವಾದ ಪ್ರಶ್ನೆ. ಉಗ್ರಾಣದ ಚಿತ್ರ, ಸೀಲಿನ ಸಂಖ್ಯೆ, ತುರ್ತಾಗಿ ಕಳುಹಿಸಬೇಕಾದ ವಿವರ ಇವುಗಳಿಗೆ ಇಂದಿನ ಉತ್ತಮ ಮೊಬೈಲ್ ಸಾಕು. ಮಂದ ಬೆಳಕಿನಲ್ಲಿ ಎಫ್30 ಹೊಂದಿದ್ದ ಮೇಲುಗೈಯನ್ನು ಅದು ಬಹುಮಟ್ಟಿಗೆ ಕಿತ್ತುಕೊಂಡಿದೆ. ಆದರೆ ಮೊಬೈಲ್ ಚಿತ್ರವನ್ನು ಕಣ್ಣಿಗೆ ಸೊಗಸಾಗುವಂತೆ ತಾನಾಗಿಯೇ ತಿದ್ದುತ್ತದೆ. ಒಂದೇ ಸರಕಿನ ಎರಡು ಚಿತ್ರಗಳು ಎರಡು ಬಣ್ಣದಲ್ಲಿ ಬರುವುದುಂಟು. ಅದರ ಮುಖ್ಯ ಲೆನ್ಸು ವಿಶಾಲ ಕೋನದ್ದಾದ್ದರಿಂದ ಹತ್ತಿರದ ವಸ್ತುವಿನ ಅಂಚು ಹಿಗ್ಗುತ್ತದೆ. ಸಂದೇಶದ ಮೂಲಕ ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ. ಆದ್ದರಿಂದ ಯಾವ ಸಾಧನದಿಂದ ತೆಗೆದರೂ ಚಿತ್ರವನ್ನು ಮೂಲ ಕಡತವಾಗಿಯೇ ಕಳುಹಿಸುವುದು ಕ್ಷೇಮ.

ತೀರ್ಮಾನ

ಗೇರುಬೀಜ, ಅಡಿಕೆ, ಹಂಚು, ಗೃಹೋಪಯೋಗಿ ವಸ್ತುಗಳಂತಹ ಸರಕನ್ನು ಮೇಜಿನ ಮೇಲಿಟ್ಟು ಒಂದೇ ಸಮನಾದ ಚಿತ್ರ ತೆಗೆಯಬೇಕಾದವರಿಗೆ ಕ್ಯಾನನ್ ಎ620 ಇಂದಿಗೂ ಉಪಯುಕ್ತ. ಅದರ ಸೆಲ್ ಸುಲಭ, 2 ಜಿ.ಬಿ. ಕಾರ್ಡು ಹುಡುಕಿದರೆ ಲಭ್ಯ. ಫ್ಯೂಜಿಫಿಲ್ಮ್ ಎಫ್30 ಈಗಾಗಲೇ ಕಾರ್ಡಿನೊಂದಿಗೆ ಕಚೇರಿಯಲ್ಲಿದ್ದರೆ ಬಳಸಬಹುದು. ಹೊಸದಾಗಿ ಹುಡುಕಿ ಕೊಳ್ಳುವ ಕಾರಣ ಈಗ ಉಳಿದಿಲ್ಲ. ಎರಡೂ ಇಲ್ಲದವರು ಹಳೆಯ ಕ್ಯಾಮೆರಾಕ್ಕಾಗಿ ಹಣ ಹೂಡುವ ಮೊದಲು ಒಂದು ಟ್ರೈಪಾಡ್, ಒಂದೇ ಬಗೆಯ ಎರಡು ದೀಪ ಮತ್ತು ಎರಡು ಬಿಳಿ ರಟ್ಟುಗಳನ್ನು ಕೊಳ್ಳಲಿ. ಗಿರಾಕಿಯು ಚಿತ್ರದಲ್ಲಿ ಕಂಡ ಬಣ್ಣವೂ ಪೆಟ್ಟಿಗೆ ತೆರೆದಾಗ ಕಾಣುವ ಬಣ್ಣವೂ ಒಂದೇ ಆಗಿದ್ದರೆ ಮುಂದಿನ ಬೇಡಿಕೆ ತಾನಾಗಿಯೇ ಬರುತ್ತದೆ.